ಮಗುವಿನ ಹುಳುಕು ಹಲ್ಲನ್ನು ಎಲ್ಲಿ ತೋರಿಸೋದು? ಪಕ್ಕದ ಕ್ಲಿನಿಕ್ಕೋ, ಮಕ್ಕಳ ದಂತವೈದ್ಯರೋ, ಡೆಂಟಲ್ ಕಾಲೇಜೋ

ನನ್ನ ಮಗಳಿಗೆ ಆಗ ಐದು ವರ್ಷ. ಚಪಾತಿಯನ್ನು ಬಲಗಡೆಯಿಂದ ಮಾತ್ರ ಅಗಿಯುತ್ತಿದ್ದಳು. ಎಡಗಡೆಗೆ ತುತ್ತು ಹೋದರೆ ನಾಲಿಗೆಯಿಂದ ಮೆಲ್ಲಗೆ ಆಚೆ ತಳ್ಳುತ್ತಿದ್ದಳು. ನೋವು ಅಂತ ಒಮ್ಮೆಯೂ ಹೇಳಿರಲಿಲ್ಲ. ಒಂದು ಸಂಜೆ ತೊಡೆಯ ಮೇಲೆ ಮಲಗಿಸಿಕೊಂಡು, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಕೆಳಗಿನ ಎರಡು ದವಡೆ ಹಲ್ಲುಗಳ ನಡುವೆ ಕಂದು ಬಣ್ಣದ ಗುಳಿ. ಅದರೊಳಗೆ ಮಧ್ಯಾಹ್ನದ ಅನ್ನದ ಅಗುಳೊಂದು ಸಿಕ್ಕಿಕೊಂಡಿತ್ತು.

ಮನೆಯಲ್ಲಿ ಮೂರು ಮಾತು ಬಂದವು. “ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಮ್ಮ” ಅಂದರು ಅತ್ತೆ. “ಪಕ್ಕದ ರಸ್ತೆಯಲ್ಲೇ ಡೆಂಟಿಸ್ಟ್ ಇದ್ದಾರಲ್ಲ” ಅಂದರು ನಮ್ಮನೆಯವರು. “ಅಕ್ಕಾ, ಮಕ್ಕಳ ಡೆಂಟಿಸ್ಟ್ ಹತ್ರಾನೇ ಹೋಗು” ಅಂತ ತಂಗಿ ಫೋನಿನಲ್ಲಿ ಹೇಳಿದಳು. ನಾವು ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಹಲ್ಲು ಕೀಳೋಣ ಎಂದರು. ಇಬ್ಬರು ಕೈಕಾಲು ಹಿಡಿದುಕೊಂಡರು. ಸೂಜಿ ಕಂಡೊಡನೆ ಮಗು ಕಿರುಚಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಹಲ್ಲು ಕೀಳಲಾಗದೆ ವಾಪಸ್ ಬಂದೆವು. ಆಮೇಲೆ ಮೂರು ತಿಂಗಳು ಅವಳು ಬ್ರಷ್ ಮಾಡಲು ಕೂಡ ಸರಿಯಾಗಿ ಬಾಯಿ ತೆರೆಯಲಿಲ್ಲ.

ಅದಾದ ಮೇಲೆ ಅವಳನ್ನೂ, ಅವಳ ತಮ್ಮನನ್ನೂ ಕರೆದುಕೊಂಡು ಪಕ್ಕದ ಕ್ಲಿನಿಕ್, ಮಕ್ಕಳ ದಂತವೈದ್ಯರು, ಡೆಂಟಲ್ ಕಾಲೇಜು, ತಾಲ್ಲೂಕು ಆಸ್ಪತ್ರೆ ಹೀಗೆ ನಾಲ್ಕೂ ಬಗೆಯ ಕಡೆ ಹೋಗಿ ಬಂದಿದ್ದೇನೆ. ನಮ್ಮೂರು ಹರಿಹರ, ದಾವಣಗೆರೆ ಪಕ್ಕದಲ್ಲೇ ಇದೆ. ಶಾಲೆಯ ಗೇಟಿನ ಬಳಿ ಅಮ್ಮಂದಿರು ಈಗಲೂ ಇದನ್ನೇ ಕೇಳುತ್ತಾರೆ: ಎಲ್ಲಿಗೆ ಹೋಗೋದು, ಎಷ್ಟಾಗುತ್ತೆ, ಸುಮ್ನೆ ಬಿಟ್ಟರೆ ಆಗಲ್ವಾ? ಅವರಿಗೆ ನಿಂತಲ್ಲೇ ಹೇಳಿದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ್ದು

ಕ್ಲಿನಿಕ್ಕಿನ ಗೋಡೆಯ ಮೇಲಿನ ಬೊಂಬೆ ಚಿತ್ರ ನೋಡಿ ಆರಿಸಬೇಡಿ. ಆ ಹಲ್ಲು ಬಾಯಲ್ಲಿ ಇನ್ನೆಷ್ಟು ವರ್ಷ ಇರಬೇಕು? ಮೊದಲು ಇದನ್ನು ಕೇಳಿಕೊಳ್ಳಿ.

ಹಾಲು ಹಲ್ಲುಗಳು ಒಟ್ಟು 20. ಮುಂದಿನವು ಆರರಿಂದ ಎಂಟು ವರ್ಷದೊಳಗೆ ಬೀಳುತ್ತವೆ. ಆದರೆ ಹಿಂದಿನ ದವಡೆ ಹಲ್ಲುಗಳು ಹತ್ತು, ಹನ್ನೊಂದು, ಕೆಲವರಲ್ಲಿ ಹನ್ನೆರಡು ವರ್ಷದವರೆಗೂ ಇರುತ್ತವೆ. ಏಳು ವರ್ಷದ ಹುಡುಗನ ಮುಂದಿನ ಹಲ್ಲು ಹುಳುಕಾಗಿ ಆಗಲೇ ಅಲ್ಲಾಡುತ್ತಿದ್ದರೆ “ಬಿದ್ದು ಹೋಗುತ್ತೆ ಬಿಡು” ಎನ್ನುವ ಅಜ್ಜಿಯ ಮಾತು ಸರಿ. ನಾಲ್ಕು ವರ್ಷದ ಮಗುವಿನ ದವಡೆ ಹಲ್ಲಿಗೆ ಅದೇ ಮಾತು ಹೇಳಿದರೆ, ಮಗು ಆರೇಳು ವರ್ಷ ಆ ಹಲ್ಲಿನಲ್ಲೇ ಊಟ ಮಾಡಬೇಕು. ಅದೂ ಅಲ್ಲದೆ, ಹಾಲು ಹಲ್ಲು ತನ್ನ ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಹಿಡಿದುಕೊಂಡಿರುತ್ತದೆ. ಅದನ್ನು ಬೇಗ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ. ಆಮೇಲೆ ಬರುವ ಹಲ್ಲಿಗೆ ಜಾಗ ಸಾಲದೆ ಅದು ಅಡ್ಡಾದಿಡ್ಡಿ ಬರುತ್ತದೆ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಬಹಳ ಜನ ಇದರಲ್ಲಿ ಎಡವುತ್ತಾರೆ. ಸುಮಾರು ಆರು ವರ್ಷಕ್ಕೆ ಎಲ್ಲಾ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ದೊಡ್ಡ ದವಡೆ ಹಲ್ಲು ಬರುತ್ತವೆ. ಏನೂ ಬಿದ್ದಿಲ್ಲವಲ್ಲ, ಹಾಗಾಗಿ ಇವೂ ಹಾಲು ಹಲ್ಲೇ ಅಂದುಕೊಳ್ಳುತ್ತೇವೆ. ಅಲ್ಲ. ಇವು ಜೀವನಪೂರ್ತಿ ಇರುವ ಹಲ್ಲು. ಇವುಗಳ ಮೇಲೆ ಒಂದು ಚುಕ್ಕೆ ಕಂಡರೂ ಕಾಯಬೇಡಿ.

ಎರಡನೆಯದು ಮಗುವಿನ ಸ್ವಭಾವ. ಕುರ್ಚಿಯಲ್ಲಿ ಹದಿನೈದು ನಿಮಿಷ ಬಾಯಿ ತೆರೆದು ಕೂರುತ್ತದಾ? ಮೂರನೆಯದು ನಿಮ್ಮ ಸಮಯ. ಎಷ್ಟು ಸಲ ಹೋಗಬೇಕು, ಎಷ್ಟು ದಿನದ ಕೂಲಿ ಅಥವಾ ರಜೆ ಹೋಗುತ್ತದೆ, ಬಸ್ ಚಾರ್ಜ್ ಎಷ್ಟು? ದುಡ್ಡಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ. ಕೊನೆಯದಾಗಿ, ಹುಳುಕು ಹಲ್ಲಿನ ಮೇಲೆ ಟೋಪಿಯಂತೆ ಹಾಕಿದ ಕ್ಯಾಪ್ ಕಿತ್ತು ಬಂದರೆ, ರಾತ್ರಿ ಮತ್ತೆ ನೋವು ಬಂದರೆ, ಫೋನ್ ಎತ್ತುವವರು ಇದ್ದಾರಾ?

ಪಕ್ಕದ ರಸ್ತೆಯ ಕ್ಲಿನಿಕ್

ನಮಗೆ ಕೆಟ್ಟ ಅನುಭವ ಆಯಿತು ಅಂತ ನಾನು ಎಲ್ಲಾ ಕ್ಲಿನಿಕ್ಕುಗಳನ್ನು ತಳ್ಳಿ ಹಾಕುವುದಿಲ್ಲ. ಎಂಟು ವರ್ಷ ದಾಟಿದ, ಹೇಳಿದ ಮಾತು ಕೇಳುವ ಮಗುವಿಗೆ ಸಣ್ಣ ಹುಳುಕಿದ್ದರೆ ಮನೆ ಹತ್ತಿರದ ದಂತವೈದ್ಯರೇ ಸಾಕು. ಸಂಜೆ ಶಾಲೆ ಮುಗಿಸಿ ಹೋಗಬಹುದು. ಒಂದೇ ಸಲಕ್ಕೆ ಸಿಮೆಂಟ್ ತುಂಬಿಸಿಕೊಂಡು ಬರಬಹುದು. ಮನೆಮಂದಿಯನ್ನೆಲ್ಲ ಬಲ್ಲ ವೈದ್ಯರಾದರೆ ಮಗುವಿಗೂ ಭಯ ಕಡಿಮೆ.

ಕಷ್ಟ ಬರುವುದು ಪುಟ್ಟ ಮಕ್ಕಳ ವಿಷಯದಲ್ಲಿ. ಕೆಲವು ಕ್ಲಿನಿಕ್ಕುಗಳಲ್ಲಿ ಮಕ್ಕಳ ಅಳತೆಯ ಸ್ಟೀಲ್ ಕ್ಯಾಪ್ ಇಟ್ಟುಕೊಂಡಿರುವುದಿಲ್ಲ. ಆಗ ಉಳಿಯುವುದು ಎರಡೇ ದಾರಿ, ತುಂಬುವುದು ಇಲ್ಲವೇ ಕೀಳುವುದು. ಆದ್ದರಿಂದ ಹೋಗುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. “ನಾಲ್ಕು ವರ್ಷದ ಮಕ್ಕಳನ್ನು ನೋಡ್ತೀರಾ? ಹಾಲು ಹಲ್ಲಿಗೆ ಕ್ಯಾಪ್ ಹಾಕ್ತೀರಾ?” ಎರಡಕ್ಕೂ ಥಟ್ಟನೆ ಹೌದು ಎಂದರೆ ಹೋಗಿ. “ಕರ್ಕೊಂಡು ಬನ್ನಿ, ನೋಡೋಣ” ಎಂದರೆ ಪುಟ್ಟ ಮಗುವನ್ನು ಬೇರೆ ಕಡೆ ತೋರಿಸಿ.

ಮಕ್ಕಳ ದಂತವೈದ್ಯರು

ಇವರು ಐದು ವರ್ಷದ ಬಿಡಿಎಸ್ ಮುಗಿಸಿ, ಆಮೇಲೆ ಮೂರು ವರ್ಷ ಮಕ್ಕಳ ಹಲ್ಲಿನ ಬಗ್ಗೆಯೇ ಎಂಡಿಎಸ್ ಓದಿದವರು. ಬೋರ್ಡಿನಲ್ಲಿ ‘ಪೀಡೋಡಾಂಟಿಕ್ಸ್’ ಅಥವಾ ‘ಪೀಡಿಯಾಟ್ರಿಕ್ ಡೆಂಟಿಸ್ಟ್ರಿ’ ಎಂಬ ಪದ ಇದೆಯಾ ನೋಡಿ. ‘ಮಕ್ಕಳ ಮತ್ತು ಕುಟುಂಬದ ದಂತ ಚಿಕಿತ್ಸಾಲಯ’ ಎಂದು ಬರೆದ ಮಾತ್ರಕ್ಕೆ ಒಳಗಿರುವವರು ಮಕ್ಕಳ ತಜ್ಞರು ಅಂತಲ್ಲ.

ಮಗಳನ್ನು ಕೊನೆಗೆ ಕರೆದೊಯ್ದದ್ದು ಇಂಥವರ ಹತ್ತಿರ. ಮೊದಲ ದಿನ ಚಿಕಿತ್ಸೆಯೇ ಇಲ್ಲ. ಕುರ್ಚಿಯನ್ನು ಮೇಲೆ ಕೆಳಗೆ ಮಾಡಿ ತೋರಿಸಿದರು. ನೀರು ಎಳೆಯುವ ಪೈಪನ್ನು “ಇದು ಆನೆ ಸೊಂಡಿಲು, ನೀರು ಕುಡಿಯುತ್ತೆ” ಎಂದು ಅವಳ ಅಂಗೈಯಲ್ಲಿದ್ದ ನೀರಿಗೆ ಹಿಡಿದರು. ತಿರುಗುವ ಬ್ರಷ್ಷನ್ನು ಮೊದಲು ತಮ್ಮ ಉಗುರಿಗೆ, ಆಮೇಲೆ ಅವಳ ಹೆಬ್ಬೆರಳಿನ ಉಗುರಿಗೆ ತಾಗಿಸಿದರು. ಅವಳು ಕಚಗುಳಿಯಾಗಿ ಕೈ ಎಳೆದುಕೊಂಡು, ಮತ್ತೆ ತಾನೇ ಚಾಚಿದಳು. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಮೊದಲು ಹೇಳಿ, ಆಮೇಲೆ ತೋರಿಸಿ, ಕೊನೆಗೆ ಮಾಡುವುದು ಇವರ ಕ್ರಮ. ಇದನ್ನೂ ಅವರು ಓದಿಯೇ ಕಲಿತಿರುತ್ತಾರೆ.

ತೀರಾ ಭಯ ಇರುವ, ಅಥವಾ ಆಟಿಸಂನಂಥ ತೊಂದರೆ ಇರುವ ಮಕ್ಕಳಿಗೆ ಇವರೇ ಸರಿ. ಕೆಲವರ ಬಳಿ ಮೂಗಿನ ಮೂಲಕ ಕೊಡುವ ಭಯ ಕಡಿಮೆ ಮಾಡುವ ನಗೆ ಅನಿಲದ ವ್ಯವಸ್ಥೆ ಇರುತ್ತದೆ. ಎಂಟು ಹತ್ತು ಹಲ್ಲು ಒಟ್ಟಿಗೆ ಹಾಳಾಗಿದ್ದರೆ ಆಸ್ಪತ್ರೆಯಲ್ಲಿ ಪೂರ್ತಿ ಮಂಪರು ಕೊಟ್ಟು ಒಂದೇ ಸಲ ಮುಗಿಸುವುದೂ ಉಂಟು. ಅದಕ್ಕೆ ಅರಿವಳಿಕೆ ತಜ್ಞರು ಇರಲೇಬೇಕು. ಯಾರು ಬರುತ್ತಾರೆ, ಎಲ್ಲಿ ಮಾಡುತ್ತಾರೆ ಎಂದು ಬಾಯಿಬಿಟ್ಟು ಕೇಳಿ.

ಖರ್ಚು ಜಾಸ್ತಿ, ಅದು ನಿಜ. ಇತ್ತೀಚೆಗೆ ಮಗನ ಹಲ್ಲಿಗೆ ನಾನು ವಿಚಾರಿಸಿದಾಗ, ಬೇರು ಸ್ವಚ್ಛ ಮಾಡಿ ಸ್ಟೀಲ್ ಕ್ಯಾಪ್ ಹಾಕಲು ಒಂದು ಹಲ್ಲಿಗೆ ಐದು ಸಾವಿರದ ಹತ್ತಿರ ಹೇಳಿದರು. ಬಿಳಿ ಕ್ಯಾಪ್ ಆದರೆ ಇನ್ನೂ ಮೂರು ಸಾವಿರ ಮೇಲೆ. ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚೇ ಕೇಳಬಹುದು. ಸಣ್ಣ ಊರುಗಳಲ್ಲಿ ಇಂಥ ವೈದ್ಯರು ವಾರಕ್ಕೊಂದೋ ಎರಡೋ ದಿನ ಬೇರೆಯವರ ಕ್ಲಿನಿಕ್ಕಿಗೆ ಬಂದು ನೋಡುತ್ತಾರೆ. ನಿಮ್ಮ ಊರಿನ ದಂತವೈದ್ಯರನ್ನೇ “ಮಕ್ಕಳ ಡಾಕ್ಟ್ರು ಯಾವತ್ತು ಬರ್ತಾರೆ?” ಎಂದು ಕೇಳಿ ನೋಡಿ.

ಇನ್ನೊಂದು ಮಾತು. ಮೊದಲ ಹಲ್ಲು ಬಂದ ಮೇಲೆ, ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಿ ಎಂದು ಮಕ್ಕಳ ದಂತವೈದ್ಯರು ಹೇಳುತ್ತಾರೆ. ನೋವಿಲ್ಲದ ದಿನ ಮೊದಲ ಸಲ ಹೋದ ಮಗು ನೋವಿರುವ ದಿನವೂ ಹೋಗುತ್ತದೆ. ನಾನು ಮಗನ ವಿಷಯದಲ್ಲಿ ಹಾಗೆ ಮಾಡಿದೆ. ವ್ಯತ್ಯಾಸ ಕಣ್ಣಿಗೆ ಕಂಡಿತು.

ಡೆಂಟಲ್ ಕಾಲೇಜು

ದುಡ್ಡು ಕಡಿಮೆ, ಸಮಯ ಇದೆ ಎನ್ನುವವರಿಗೆ ನನ್ನ ಉತ್ತರ ಇದೇ. ನಮ್ಮ ರಾಜ್ಯದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಕೆ.ಆರ್. ಮಾರ್ಕೆಟ್ ಬಸ್ ಹತ್ತಿದರೆ ಸಾಕು. ಬಳ್ಳಾರಿಯಲ್ಲೂ ಸರ್ಕಾರಿ ಕಾಲೇಜಿದೆ. ಖಾಸಗಿಯವು ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಣಿಪಾಲ, ಮಂಗಳೂರು ಹೀಗೆ ಹಲವು ಕಡೆ ಇವೆ. ಎಂಡಿಎಸ್ ಕಲಿಸುವ ಕಾಲೇಜಾದರೆ ಮಕ್ಕಳ ಹಲ್ಲಿನ ವಿಭಾಗ ಚೆನ್ನಾಗಿ ನಡೆಯುತ್ತಿರುತ್ತದೆ.

ಮಗನನ್ನು ಕರೆದುಕೊಂಡು ಹೋದಾಗ ನಡೆದದ್ದು ಹೀಗೆ. ಬೆಳಗ್ಗೆ ಒಂಬತ್ತೂವರೆಗೆ ಓಪಿಡಿ ಚೀಟಿ. ಮೊದಲು ಒಂದು ವಿಭಾಗದಲ್ಲಿ ಬಾಯಿ ನೋಡಿ ಕೇಸ್ ಶೀಟ್ ಬರೆದರು. ಆಮೇಲೆ ಎಕ್ಸ್‌ರೇ. ಮಕ್ಕಳ ವಿಭಾಗ ಮುಟ್ಟುವಾಗ ಹನ್ನೊಂದೂವರೆ. ಎಂಡಿಎಸ್ ಓದುತ್ತಿರುವ ಹುಡುಗಿ ಕೆಲಸ ಮಾಡಿದಳು. ಹುಳುಕು ತೆಗೆದ ಮೇಲೆ ಒಮ್ಮೆ, ತುಂಬುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮೇಷ್ಟ್ರು ಬಂದು ನೋಡಿದರು. ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಯಲ್ಲಿ ಆಗುವುದಕ್ಕೆ ಇಲ್ಲಿ ಎರಡು ಗಂಟೆ. ಆದರೆ ಆ ಹುಡುಗಿಗೆ ಅವಸರ ಇರಲಿಲ್ಲ. ಮಗ ನಡುವೆ ಮೂರು ಸಲ ಎದ್ದು ಕೂತ. ಮೂರು ಸಲವೂ ಅವಳು ಕಾದಳು. ಕ್ಲಿನಿಕ್ಕಿನಲ್ಲಿ ಕೇಳಿದ್ದರ ಕಾಲು ಭಾಗದಷ್ಟೂ ಖರ್ಚಾಗಲಿಲ್ಲ.

ತೊಂದರೆಗಳೂ ಇವೆ. ಒಂದು ಹಲ್ಲಿಗೆ ಮೂರು ನಾಲ್ಕು ಸಲ ಹೋಗಬೇಕಾಗಬಹುದು. ಸಂಜೆ ಬಾಗಿಲು ಹಾಕುತ್ತಾರೆ, ಭಾನುವಾರ ರಜೆ. ವಿದ್ಯಾರ್ಥಿಗಳ ಪರೀಕ್ಷೆ ಬಂದರೆ ದಿನಾಂಕ ಮುಂದಕ್ಕೆ ಹೋಗುತ್ತದೆ. ನಿಮ್ಮ ಮಗುವನ್ನು ನೋಡುತ್ತಿದ್ದವರ ಓದು ಮುಗಿದರೆ ಹೊಸಬರು ಬರುತ್ತಾರೆ, ಮಗು ಮತ್ತೆ ಹೊಂದಿಕೊಳ್ಳಬೇಕು. ದಿನಗೂಲಿಯವರಿಗೆ ನಾಲ್ಕು ದಿನದ ಕೂಲಿ ಹೋದರೆ ‘ಕಡಿಮೆ ಖರ್ಚು’ ಅಷ್ಟೇನೂ ಕಡಿಮೆ ಇರುವುದಿಲ್ಲ. ಅಂಥವರು ಮೊದಲ ದಿನವೇ “ದೂರದಿಂದ ಬರ್ತೀವಿ, ಒಂದೇ ದಿನ ಎರಡು ಹಲ್ಲು ಮಾಡಿ ಕೊಡಿ” ಎಂದು ಕೇಳಿ. ಕೇಳಿದರೆ ಹೊಂದಿಸಿಕೊಡುವವರು ಇದ್ದಾರೆ.

ತಾಲ್ಲೂಕು ಆಸ್ಪತ್ರೆ

ಇಲ್ಲಿ ದಂತವೈದ್ಯರು ಇದ್ದರೆ ಪರೀಕ್ಷೆ, ಮಾತ್ರೆ, ಹಲ್ಲು ಕೀಳುವುದು ಇಷ್ಟಕ್ಕೆ ಅನುಕೂಲ. ಮಕ್ಕಳ ಕ್ಯಾಪ್, ಬೇರಿನ ಚಿಕಿತ್ಸೆ ಎಲ್ಲ ಕಡೆ ಸಿಗುವುದಿಲ್ಲ. ಆದರೆ 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ತಂಡ ಹಲ್ಲನ್ನೂ ನೋಡುತ್ತದೆ. ಅವರು ಚೀಟಿ ಬರೆದು ಕೊಟ್ಟರೆ ಅದನ್ನು ಡಬ್ಬದಲ್ಲಿ ಇಟ್ಟು ಮರೆಯಬೇಡಿ. ಮುಂದೆ ಎಲ್ಲಿಗೆ ಹೋಗಬೇಕೆಂದು ಆ ಚೀಟಿಯೇ ಹೇಳುತ್ತದೆ.

ಅದೇ ಹಲ್ಲಿಗೆ ನಾಲ್ಕು ಬಗೆಯ ಚಿಕಿತ್ಸೆ

ಎಲ್ಲಿಗೆ ಹೋದರೂ ಇನ್ನೊಂದು ಆಯ್ಕೆ ಎದುರಾಗುತ್ತದೆ. ಒಬ್ಬರು ತುಂಬೋಣ ಅನ್ನುತ್ತಾರೆ, ಇನ್ನೊಬ್ಬರು ಕ್ಯಾಪ್ ಅನ್ನುತ್ತಾರೆ. ಮೋಸ ಮಾಡುತ್ತಿದ್ದಾರೆ ಎಂಬ ಅನುಮಾನ ಶುರುವಾಗುತ್ತದೆ. ಹುಳುಕು ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಹಾಗಾಗಿ ಎಕ್ಸ್‌ರೇ ತೋರಿಸಲು ಕೇಳಿ. ಕಪ್ಪು ನೆರಳು ಹಲ್ಲಿನ ನಡುವಿನ ನರದ ತನಕ ಹೋಗಿದೆಯಾ ಎಂದು ಬೆರಳಿಟ್ಟು ತೋರಿಸಿದರೆ ನಮಗೂ ಅರ್ಥವಾಗುತ್ತದೆ.

ಕೂರಲು ಒಪ್ಪದ ಪುಟ್ಟ ಮಗುವಿಗೆ, ನೋವಿಲ್ಲದ ಹುಳುಕಿಗೆ ಒಂದು ದ್ರವ ಇದೆ, ಸಿಲ್ವರ್ ಡೈಅಮೀನ್ ಫ್ಲೋರೈಡ್. ಸೂಜಿ ಇಲ್ಲ, ಕೊರೆಯುವುದೂ ಇಲ್ಲ. ಹುಳುಕಿನ ಮೇಲೆ ಹನಿಯಷ್ಟು ಹಚ್ಚುತ್ತಾರೆ. ಹುಳುಕು ಮುಂದಕ್ಕೆ ಹೋಗದಂತೆ ತಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಹುಳುಕಾದ ಜಾಗ ಕಪ್ಪಗಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಗುಳಿಯೂ ಹಾಗೇ ಉಳಿಯುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿಸಬೇಕು. ಮುಂದಿನ ಹಲ್ಲಾದರೆ ನೆಂಟರ ಮಾತು ಕೇಳಬೇಕಾಗುತ್ತದೆ. ನನ್ನ ಮಟ್ಟಿಗೆ, ಮೂರು ವರ್ಷದ ಮಗುವನ್ನು ಹಿಡಿದು ಅಳಿಸುವುದಕ್ಕಿಂತ ಕಪ್ಪು ಹಲ್ಲು ಎಷ್ಟೋ ವಾಸಿ.

ಸಣ್ಣ ಗುಳಿಗೆ ಸಿಮೆಂಟ್ ಸಾಕು. ಎರಡು ದವಡೆ ಹಲ್ಲುಗಳ ನಡುವಿನ ದೊಡ್ಡ ಗುಳಿಗೆ ಸಿಮೆಂಟ್ ಹಾಕಿದರೆ ಬಿದ್ದು ಹೋಗುವುದೇ ಜಾಸ್ತಿ. ಅಲ್ಲಿ ಕ್ಯಾಪ್ ಒಳ್ಳೆಯದು. ನರಕ್ಕೆ ಹುಳುಕು ಮುಟ್ಟಿಲ್ಲದಿದ್ದರೆ, ಕೊರೆಯದೆ ಸೂಜಿ ಚುಚ್ಚದೆ ಸ್ಟೀಲ್ ಕ್ಯಾಪನ್ನು ಹಾಗೇ ಕೂರಿಸುವ ವಿಧಾನವೂ ಇದೆ. ಸ್ಕಾಟ್ಲೆಂಡಿನ ನೋರ್ನಾ ಹಾಲ್ ಎಂಬ ದಂತವೈದ್ಯೆಯ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಹಾಕಿದ ಮೊದಲ ಕೆಲವು ದಿನ ಕಚ್ಚುವಾಗ ಎತ್ತರ ಅನಿಸುತ್ತದೆ, ಆಮೇಲೆ ಸರಿಹೋಗುತ್ತದೆ. ನರಕ್ಕೆ ಮುಟ್ಟಿದ್ದರೆ ಬೇರು ಸ್ವಚ್ಛ ಮಾಡಿಯೇ ಕ್ಯಾಪ್ ಹಾಕಬೇಕು.

ಸ್ಟೀಲೋ ಬಿಳಿಯೋ? ಬಿಳಿ ಕ್ಯಾಪಿಗೆ ಹಲ್ಲನ್ನು ಹೆಚ್ಚು ಸವೆಸಬೇಕು, ದುಡ್ಡೂ ಹೆಚ್ಚು. ಕಾಣದ ಹಿಂದಿನ ಹಲ್ಲಿಗೆ ನಾನು ಸ್ಟೀಲನ್ನೇ ಹೇಳುತ್ತೇನೆ. ಮುಂದಿನ ಹಲ್ಲಿಗೆ ಕೈಲಾದರೆ ಬಿಳಿ.

ಕೀಳಲೇಬೇಕಾದ ಸಂದರ್ಭವೂ ಬರುತ್ತದೆ. ಆಗ ಒಂದು ಪ್ರಶ್ನೆ ಮರೆಯಬೇಡಿ: “ಜಾಗ ಹಿಡಿಯಲು ತಂತಿ ಹಾಕಬೇಕಾ?” ಪಕ್ಕದ ಹಲ್ಲಿಗೆ ಪಟ್ಟಿ ಸುತ್ತಿ, ಅದರಿಂದ ಒಂದು ತಂತಿ ಬಳೆ ಹೊರಡಿಸಿ ಖಾಲಿ ಜಾಗ ಕಾಯುತ್ತಾರೆ. ಕೀಳಲು ಇನ್ನೂರೋ ಮುನ್ನೂರೋ ಆಯಿತು ಎಂದು ಖುಷಿಪಟ್ಟು ಬಂದರೆ, ತಂತಿಯ ಖರ್ಚು ಆಮೇಲೆ ಬರುತ್ತದೆ. ಅದನ್ನೂ ಬಿಟ್ಟರೆ ಹನ್ನೆರಡನೇ ವರ್ಷಕ್ಕೆ ಹಲ್ಲು ನೇರ ಮಾಡುವ ಕ್ಲಿಪ್ಪಿನ ಖರ್ಚು. ಮರಗಟ್ಟುವ ಸೂಜಿ ಕೊಟ್ಟಿದ್ದರೆ ಎರಡು ಮೂರು ಗಂಟೆ ಮಗುವಿನ ತುಟಿ ಮೇಲೆ ಕಣ್ಣಿಟ್ಟಿರಿ. ನೋವು ತಿಳಿಯದೆ ತುಟಿಯನ್ನೇ ಕಚ್ಚಿ ಗಾಯ ಮಾಡಿಕೊಳ್ಳುತ್ತವೆ.

ಮುಖ ಊದಿಕೊಂಡು ಜ್ವರ ಬಂದಿದ್ದರೆ ಈ ಹೋಲಿಕೆ ಎಲ್ಲ ಬದಿಗಿಡಿ. ಯಾವುದು ಮೊದಲು ಸಿಗುತ್ತದೋ ಆ ಆಸ್ಪತ್ರೆಗೆ ಓಡಿ. ಬಿದ್ದು ಶಾಶ್ವತ ಹಲ್ಲು ಉದುರಿದ್ದರೆ ಅದನ್ನು ಬೇರಿನ ಕಡೆ ಮುಟ್ಟದೆ ಎತ್ತಿ, ತಣ್ಣಗಿನ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಹೋಗಿ, ಬೇಗ ಹೋದಷ್ಟೂ ಒಳ್ಳೆಯದು. ಹಾಲು ಹಲ್ಲು ಉದುರಿದ್ದರೆ ಮತ್ತೆ ಕೂರಿಸುವುದಿಲ್ಲ.

ಪೇಸ್ಟ್ ಬಗ್ಗೆ ಎರಡು ಮಾತು

ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಟ್ಯೂಬಿನ ಮೇಲೆ ಫ್ಲೋರೈಡಿನ ಪ್ರಮಾಣ 1000 ಪಿಪಿಎಂ ಎಂದು ಇದೆಯಾ ನೋಡಿ. ಪಾವಗಡ, ಮುಂಡರಗಿಯಂಥ ಕಡೆ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಹೆಚ್ಚಿದೆ, ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ. ಅಲ್ಲಿಯವರು ಯಾವ ನೀರು ಕುಡಿಯುತ್ತೀರಿ ಎಂದು ವೈದ್ಯರಿಗೆ ಮೊದಲೇ ಹೇಳಿ. ಬೆಲ್ಲ ಒಳ್ಳೆಯದು ಎಂದು ಚಿಕ್ಕಿ ಕೊಟ್ಟರೂ ಹುಳುಕು ಬರುತ್ತದೆ, ಅಂಟುವ ಸಿಹಿ ಎಲ್ಲವೂ ಒಂದೇ.

ಮೂವರು ಅಮ್ಮಂದಿರಿಗೆ ನಾನು ಹೇಳಿದ್ದು

ಹರಪನಹಳ್ಳಿ ಕಡೆಯ ಒಬ್ಬರು. ಮಗುವಿಗೆ ಮೂರು ವರ್ಷ, ಮೇಲಿನ ಮುಂದಿನ ನಾಲ್ಕೂ ಹಲ್ಲು ಹುಳುಕು, ರಾತ್ರಿ ಬಾಟಲಿಯಲ್ಲಿ ಸಕ್ಕರೆ ಹಾಲು ಕುಡಿದೇ ನಿದ್ದೆ. ನೋವಿಲ್ಲ, ದುಡ್ಡೂ ಇಲ್ಲ. ಅವರಿಗೆ ಕಾಲೇಜಿಗೆ ಹೋಗಿ ಕಪ್ಪಾಗುವ ಔಷಧಿ ಹಚ್ಚಿಸಿ, ರಾತ್ರಿ ಬಾಟಲಿಗೆ ಬರೀ ನೀರು ಹಾಕಿ ಎಂದೆ.

ಇನ್ನೊಬ್ಬರು ಬೆಂಗಳೂರಿನಲ್ಲಿ, ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಆರು ವರ್ಷದ ಮಗ ರಾತ್ರಿ ಹಲ್ಲು ನೋವೆಂದು ಎದ್ದು ಕೂರುತ್ತಾನೆ. ರಾತ್ರಿ ತಾನಾಗಿ ನೋವು ಬಂತೆಂದರೆ ಸಾಮಾನ್ಯವಾಗಿ ನರಕ್ಕೆ ಮುಟ್ಟಿದೆ ಎಂದರ್ಥ. ನಾಲ್ಕು ರಜೆ ಹಾಕುವುದಕ್ಕಿಂತ ಮಕ್ಕಳ ದಂತವೈದ್ಯರ ಬಳಿ ಒಂದೆರಡು ಸಲಕ್ಕೆ ಮುಗಿಸಿ, ಸ್ಟೀಲ್ ಕ್ಯಾಪ್ ಹಾಕಿಸಿ ಎಂದೆ.

ಮೂರನೆಯವರ ಮಗಳಿಗೆ ಎಂಟು ವರ್ಷ, ಆರನೇ ವರ್ಷಕ್ಕೆ ಬಂದ ದವಡೆ ಹಲ್ಲಿನಲ್ಲಿ ಸಣ್ಣ ಕಪ್ಪು ಚುಕ್ಕೆ. ಮಗು ಧೈರ್ಯವಂತೆ. ಪಕ್ಕದ ರಸ್ತೆಯ ಡಾಕ್ಟ್ರೇ ಸಾಕು, ಈ ವಾರವೇ ಹೋಗಿ, ಉಳಿದ ಮೂರು ಹಲ್ಲಿನ ಗೀರುಗಳಿಗೂ ಹುಳುಕು ಬರದಂತೆ ಮುಚ್ಚುವ ಸೀಲಂಟ್ ಎಂಬ ಲೇಪ ಹಚ್ಚಿಸಿಕೊಂಡು ಬನ್ನಿ ಎಂದೆ.

ನನ್ನ ಮಗಳಿಗೆ ಈಗ ಹನ್ನೊಂದು. ಸ್ಟೀಲ್ ಕ್ಯಾಪ್ ಹಾಕಿದ್ದ ಹಲ್ಲು ಹೋದ ತಿಂಗಳು ಸಂಜೆ ಚಕ್ಕುಲಿ ತಿನ್ನುವಾಗ ತಾನಾಗೇ ಬಿತ್ತು, ಕ್ಯಾಪ್ ಸಮೇತ. ಒಸಡಿನಲ್ಲಿ ಹೊಸ ಹಲ್ಲಿನ ಬಿಳಿ ತುದಿ ಆಗಲೇ ಕಾಣುತ್ತಿತ್ತು. ಅಜ್ಜಿ ಹೇಳಿಕೊಟ್ಟ ಹಾಗೆ ಅಂಗಳದಲ್ಲಿ ನಿಂತು ಅದನ್ನು ಹೆಂಚಿನ ಮೇಲೆ ಎಸೆದಳು. ಟಣ್ ಅಂತ ಸದ್ದಾಯಿತು.